ಪುಂಡಲೀಕನ ಕೈ ನಡುಗಿದ್ದು

ದಾಂಡೇಲಿಯಲ್ಲಿ ಪುಂಡಲೀಕನ ಕಟಿಂಗ್ ಅಂಗಡಿಗೂ ನನ್ನ ಖಾನಾವಳಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಆಚೆ ಕತ್ತರಿಯ ಸಪ್ಪಳ, ಈಚೆ ರೊಟ್ಟಿ ಬಡಿಯುವ ಸಪ್ಪಳ. ಪೇಪರ್ ಮಿಲ್ಲಿನ ಪಾಳಿ ಮುಗಿಸಿದವರು ಮೊದಲು ಅವನ ಹತ್ತಿರ ಗಡ್ಡ ಮಾಡಿಸಿಕೊಂಡು, ಆಮೇಲೆ ನನ್ನಲ್ಲಿ ಉಂಡು ಮನೆಗೆ ಹೋಗುತ್ತಿದ್ದರು. ಹಾಗಾಗಿ ಅವನ ಬದುಕು ನನಗೆ ಗೊತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಈಗ ಅವನ ಸಾವಿನ ಬಗ್ಗೆ ಬಾಯಿಗೆ ಬಂದದ್ದು ಆಡುವವರು ಊರಲ್ಲಿ ಹೆಚ್ಚಾಗಿದ್ದಾರೆ. ಅದಕ್ಕೇ ನಾನು ಕಂಡದ್ದನ್ನು ಹೇಳುತ್ತೇನೆ. ಖಾನಾವಳಿ ಸುಶೀಲವ್ವನ ಬಾಯಿ ಜೋರು ಎಂಬುದು ಊರಿಗೇ ಗೊತ್ತು. ಕೇಳುವವರು ಅಷ್ಟು ಸಹಿಸಿಕೊಳ್ಳಬೇಕು.

ಪುಂಡಲೀಕ ಖಾನಾಪುರದ ಕಡೆಯವನು. ಮಿಲ್ಲಿನ ಊರಲ್ಲಿ ಗಡ್ಡಗಳಿಗೆ ಬರವಿಲ್ಲ ಎಂದು ಅವರಪ್ಪ ಇಲ್ಲಿಗೆ ಬಂದು ಅಂಗಡಿ ಹಾಕಿದ್ದ. ಅಪ್ಪನ ನಂತರ ಮಗ ಕತ್ತರಿ ಹಿಡಿದ. ಅಂಥ ಹಗುರ ಕೈ ನಾನು ಮತ್ತೊಂದು ಕಂಡಿಲ್ಲ. ಚಂಡಿ ಹಿಡಿಯುವ ಮಕ್ಕಳು ಅವನ ಕುರ್ಚಿಯಲ್ಲಿ ಕೂತು ನಿದ್ದೆ ಹೋಗುತ್ತಿದ್ದವು. ನನ್ನ ಗಂಡ ಹಾಸಿಗೆ ಹಿಡಿದಾಗ ಮನೆಗೇ ಬಂದು ಗಡ್ಡ ಮಾಡಿ, ಮುಖ ಒರೆಸಿ, "ಈಗ ನೋಡ್ರಿ ಅಕ್ಕಾರ, ಮದುವಿ ಗಂಡು ಆಗ್ಯಾರ" ಎಂದು ನಗಿಸಿ ಹೋಗುತ್ತಿದ್ದ. ಒಳ್ಳೆಯವನು ಎನ್ನಲು ಇನ್ನೇನು ಬೇಕು?

ಕುಡಿತ ಅವನಿಗೆ ಅಂಟಿದ್ದು ಗೆಳೆಯರಿಂದಲ್ಲ, ಸ್ಮಶಾನದಿಂದ. ಯಾರಾದರೂ ಸತ್ತರೆ ಮಕ್ಕಳ ತಲೆ ಬೋಳಿಸಲು ಕಾಳಿ ಹೊಳೆಯ ದಂಡೆಗೆ ಇವನನ್ನೇ ಕರೆಯುತ್ತಿದ್ದರು. ನಸುಕಿನ ಚಳಿಯಲ್ಲಿ ತಣ್ಣೀರಿಗೆ ಕೈ ಅದ್ದಿ ಅಳುವವರ ತಲೆ ಬೋಳಿಸಬೇಕು. ಕೆಲಸ ಮುಗಿದ ಮೇಲೆ ಸುಡುವವರಿಗೂ ಬೋಳಿಸುವವರಿಗೂ ಒಂದಿಷ್ಟು ಕುಡಿಸುವುದು ರೂಢಿ. ಯಾರೂ ಅದನ್ನು ಚಟ ಎನ್ನಲಿಲ್ಲ, ಮರ್ಯಾದೆ ಎಂದರು. ಊರು ದೊಡ್ಡದು, ಸಾಯುವವರಿಗೇನು ಕಡಿಮೆ! ಮೊದಮೊದಲು ಹೊಳೆಯ ದಂಡೆಯಲ್ಲಿ, ಆಮೇಲೆ ದಿನವಿಡೀ ನಿಂತ ಕಾಲಿನ ನೋವಿಗೆ, ಆಮೇಲೆ ನೋವು ಇಲ್ಲದಿದ್ದರೂ. ಗಡಿಯ ರಾಮನಗರದ ದಾರಿಯಿಂದ ಇಳಿದು ಬರುವ ಗೋವಾದ ಅಗ್ಗದ ಬಾಟಲಿ ಅವನ ಕನ್ನಡಿಯ ಹಿಂದೆ ಪೌಡರ್ ಡಬ್ಬಿಯ ಪಕ್ಕ ಕೂತಿತು.

ಹೀಗೆ ಎಷ್ಟೋ ವರ್ಷ ನಡೆದ ಮೇಲೆ ಅವನ ಕೈ ನಡುಗತೊಡಗಿತು. ಕುಡಿದಾಗ ಅಲ್ಲ, ಕುಡಿಯದಿದ್ದಾಗ. ಬೆಳಿಗ್ಗೆ ಅಂಗಡಿಯ ಬೀಗ ತೆಗೆಯಲೂ ಆಗುತ್ತಿರಲಿಲ್ಲ, ಕೀಲಿ ಕಿಣಿಕಿಣಿ ಎನ್ನುತ್ತಿತ್ತು. ಒಂದು ಗ್ಲಾಸು ಒಳಗೆ ಹೋಯಿತೋ, ಮತ್ತೆ ಅದೇ ಹಗುರ ಕೈ. ಗಿರಾಕಿಗಳೂ ಇದನ್ನು ಕಲಿತರು. ಮಿಲ್ಲಿನಿಂದ ನಿವೃತ್ತನಾದ ಶಿವಲಿಂಗಪ್ಪ ಕುರ್ಚಿಯಲ್ಲಿ ಕೂರುವ ಮೊದಲು ದಿನವೂ ಕೇಳುತ್ತಿದ್ದ, "ಏನಪಾ ಪುಂಡಲೀಕ, ಚಹಾ ಆತೇನು?" ಚಹಾ ಎಂದರೆ ಯಾವ ಚಹಾ ಎಂದು ಬೆಂಚಿನಲ್ಲಿ ಕೂತವರಿಗೆಲ್ಲ ಗೊತ್ತು. ಆಗಿಲ್ಲ ಎಂದರೆ, "ಮೊದಲ ಕುಡದ ಬಾ, ನನ್ನ ಗಲ್ಲ ಹರಿಬ್ಯಾಡ" ಎಂದು ತಾನೇ ಕಳಿಸುತ್ತಿದ್ದ. ಅದೇ ಶಿವಲಿಂಗಪ್ಪ ಗಡ್ಡ ಮಾಡಿಸಿಕೊಂಡು ನನ್ನಲ್ಲಿ ಉಣ್ಣಲು ಬಂದು, "ಛೇ, ಕುಡದ ಕುಡದ ಹಾಳಾದ" ಎಂದು ಮರುಗುತ್ತಿದ್ದ. ತಮ್ಮ ಗಲ್ಲ ಉಳಿಯಬೇಕು, ಅವನ ಯಕೃತ್ತು ಯಾರಿಗೆ ಬೇಕಿತ್ತು?

ಆ ಬೆಂಚನ್ನೂ ನೀವು ನೋಡಬೇಕಿತ್ತು. ಬಾಯಿತುಂಬ ಗುಟ್ಕಾ ಹಾಕಿಕೊಂಡು ಕುಡಿತದ ಬಗ್ಗೆ ಉಪದೇಶ ಮಾಡುವವನು ಒಬ್ಬ. ಮೊಬೈಲಿನಲ್ಲಿ ರಮ್ಮಿ ಆಡುತ್ತಾ ಹೆಂಡತಿಯ ಸರ ಅಡವಿಟ್ಟವನು ಮತ್ತೊಬ್ಬ. ನಾನೇನು ಸಾಚಾ ಅಲ್ಲ. ಬೆಳಿಗ್ಗೆ ಎದ್ದು ಹಲ್ಲಿಗೆ ತಂಬಾಕಿನ ಮಿಶ್ರಿ ತಿಕ್ಕದಿದ್ದರೆ ನನಗೆ ಒಲೆ ಹಚ್ಚಲು ಮನಸ್ಸಾಗುವುದಿಲ್ಲ. ಬಿಡುತ್ತೇನೆ ಎಂದು ನಾನೂ ಎಷ್ಟೋ ಯುಗಾದಿಗೆ ಆಣೆ ಮಾಡಿದ್ದೇನೆ. ಎಲ್ಲರ ಎಲೆಯಲ್ಲೂ ನೊಣ ಬಿದ್ದಿತ್ತು. ಪುಂಡಲೀಕನ ನೊಣ ದೊಡ್ಡದು, ಎಲ್ಲರಿಗೂ ಕಾಣಿಸುತ್ತಿತ್ತು, ಅಷ್ಟೇ.

ಅವನ ಹೆಂಡತಿ ಅನ್ನಪೂರ್ಣಾಳದು ಮಾತು ಕಡಿಮೆ, ಕೆಲಸ ಹೆಚ್ಚು. ನನ್ನ ಖಾನಾವಳಿಗೆ ರೊಟ್ಟಿ ಬಡಿಯಲು ಬರುತ್ತಿದ್ದಳು. ಗಂಡನ ಕುಡಿತ ಬಿಡಿಸಲು ಅವಳು ಮಾಡದ ಉಪಾಯವಿಲ್ಲ. ಯಾರೋ ಹೇಳಿದರೆಂದು ಸಾರಿನಲ್ಲಿ ಪುಡಿ ಕಲಸಿದಳು, ತಾಯತ ಕಟ್ಟಿಸಿದಳು, ಸೋಮವಾರ ಉಪವಾಸ ಹಿಡಿದಳು. ಅತ್ತೂ ಆಯಿತು, ಬೈದೂ ಆಯಿತು. ಅವನು ಎಂದೂ ಅವಳ ಮೇಲೆ ಕೈ ಮಾಡಿದವನಲ್ಲ. ಬೈದಾಗ ತಲೆ ತಗ್ಗಿಸಿ, "ನಾಳಿಂದ ಬಿಡ್ತೇನಿ, ಅನ್ನೂ" ಎನ್ನುತ್ತಿದ್ದ. ಆ ನಾಳೆ ಬರಲೇ ಇಲ್ಲ.

ಕೊನೆಗೂ ಅದು ಬಂದದ್ದು ಮಗಳು ರೂಪಾಲಿಯ ಮಾತಿನಿಂದ. ಅವಳನ್ನು ಹಳಿಯಾಳಕ್ಕೆ ಕೊಟ್ಟಿದ್ದರು. ಚೊಚ್ಚಲ ಗಂಡುಮಗು, ವರ್ಷ ತುಂಬುವುದರೊಳಗೆ ಜಾವಳ ತೆಗೆಸಬೇಕಿತ್ತು. ಹುಟ್ಟುಗೂದಲು ತೆಗೆಯುವ ಆ ಶಾಸ್ತ್ರದಲ್ಲಿ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಸೋದರಮಾವ ದೇವರಾಜ, ಪುಂಡಲೀಕನ ಮಗ, ಆಟೋ ಓಡಿಸುತ್ತಾನೆ. ತೊಡೆ ಮಗನದು, ಕತ್ತರಿ ತನ್ನದು ಎಂದು ಪುಂಡಲೀಕ ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದ. ಊರ ಮಕ್ಕಳ ಜಾವಳವನ್ನೆಲ್ಲ ತೆಗೆದವನಿಗೆ ತನ್ನ ಮೊಮ್ಮಗನ ತಲೆ ಬಿಟ್ಟುಕೊಡಲು ಆಗುತ್ತದೆಯೇ?

ರೂಪಾಲಿ ದೀಪಾವಳಿಗೆ ಬಂದಾಗ ನನ್ನ ಖಾನಾವಳಿಯಲ್ಲೇ ಈ ಮಾತು ಬಂತು. ಅವಳು ಮಗುವನ್ನು ಎದೆಗೆ ಒತ್ತಿಕೊಂಡು ಹೇಳಿದಳು, "ಅಪ್ಪಾ, ನೀ ಕುಡದು ನನ್ನ ಕೂಸಿನ ತಲಿ ಮುಟ್ಟಬ್ಯಾಡ. ಅತ್ತಿಮನಿಯವ್ರ ಮುಂದ ನನ್ನ ಮಾರಿ ಉಳಿಬೇಕು. ಕುಡೀದ ಮುಟ್ಟಿದ್ರ ಕೈ ನಡಗತೈತಿ, ಅದೂ ಬ್ಯಾಡ. ಎರಡೂ ಇಲ್ಲದಂಗ ಬರೂದಿದ್ರ ಬಾ." ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಅವಳ ಮಾತಿನಲ್ಲಿ ತಪ್ಪೇನಿತ್ತು? ನಾನು ಅವಳ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ, ಇನ್ನೂ ನಾಲ್ಕು ಸೇರಿಸಿ. ಪುಂಡಲೀಕ ಉಣ್ಣುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದುಹೋದ.

ಸಂಜೆ ಅವನು ಮಹಾಬಳೇಶ್ವರನ ಮನೆಗೆ ಹೋದ. ಮಹಾಬಳೇಶ್ವರ ಮಿಲ್ಲಿನ ಕೆಲಸಗಾರ, ನಮ್ಮ ಓಣಿಯ ಭಜನೆ ಮಂಡಳಿಯ ಹಿರಿಯ, ಕೊರಳಲ್ಲಿ ತುಳಸಿಮಾಲೆ ಇರುವ ಮಾಳಕರಿ. ಪಂಢರಪುರಕ್ಕೆ ಹೋಗಿ, ಚಂದ್ರಭಾಗೆಯಲ್ಲಿ ಮುಳುಗಿ, ವಿಠ್ಠಲನ ಹೆಸರಿನಲ್ಲಿ ಆ ಮಾಲೆ ಹಾಕಿಸಿಕೊಂಡರೆ ಮುಗಿಯಿತು. ಆಮೇಲೆ ಮಾಂಸ ಮುಟ್ಟುವಂತಿಲ್ಲ, ಹೆಂಡ ಮುಟ್ಟುವಂತಿಲ್ಲ. ನಮ್ಮ ಕಡೆ ಕುಡುಕರಿಗೆ ಇದೇ ಕಡೆಯ ಔಷಧ. ಬಿಟ್ಟು ಬದುಕಿದವರು ಬೇಕಾದಷ್ಟು ಜನ ಇದ್ದಾರೆ, ಇಲ್ಲ ಎನ್ನಲಾರೆ. ಮಾಲೆಯನ್ನು ಗೂಟಕ್ಕೆ ಸಿಕ್ಕಿಸಿ ಕುಡಿದು ಬಂದು ಮತ್ತೆ ಹಾಕಿಕೊಳ್ಳುವ ಖದೀಮರೂ ಇದ್ದಾರೆ. ಪುಂಡಲೀಕ ಖದೀಮನಲ್ಲ. "ಮಹಾಬಳಣ್ಣ, ಕಾರ್ತಿಕ ಏಕಾದಶಿಗೆ ನನ್ನೂ ಕರಕೊಂಡು ಹೋಗು. ಈ ಸಲ ಸುಳ್ಳ ಹೇಳೂದಿಲ್ಲ" ಎಂದನಂತೆ.

ಹೋದರು. ಚಂದ್ರಭಾಗೆಗೆ ಇಳಿಯುವ ತನಕ ಕುಡಿಯುತ್ತಲೇ ಇದ್ದನಂತೆ, ಮಹಾಬಳೇಶ್ವರನೂ ತಡೆಯಲಿಲ್ಲ. ಆಮೇಲೆ ಹೇಗೂ ಇಲ್ಲವಲ್ಲ ಎಂದು. ಮಾಲೆ ಬಿದ್ದ ಮೇಲೆ ಒಂದು ಹನಿಯೂ ಇಲ್ಲ. ತಿರುಗಿ ಬಂದು ಬಸ್ಸಿನಿಂದ ಇಳಿದಾಗ ಹಣೆಯಲ್ಲಿ ಬುಕ್ಕಿಯ ಕಪ್ಪು ಬೊಟ್ಟು, ಕೊರಳಲ್ಲಿ ಮಾಲೆ, ಮೈತುಂಬ ಬೆವರು. ಅನ್ನಪೂರ್ಣಾ ಬಾಗಿಲಲ್ಲಿ ನೀರು ಹಾಕಿ, ಆರತಿ ಎತ್ತಿ ಒಳಗೆ ಕರೆದುಕೊಂಡಳು. ಆ ದಿನ ಅವಳ ಮುಖ ನೋಡಿದರೆ ಹೊಸ ಮದುವಣಗಿತ್ತಿ ಎನ್ನಬೇಕು. ನನಗೂ ಹೊಟ್ಟೆ ತಣ್ಣಗಾಯಿತು. ಎಲ್ಲರಿಗೂ ಹೇಳಿದೆ, ನಮ್ಮ ಪುಂಡಲೀಕ ಗೆದ್ದ ಎಂದು.

ಮರುದಿನ ಬೆಳಿಗ್ಗೆ ಅನ್ನಪೂರ್ಣಾ ರೊಟ್ಟಿ ಬಡಿಯಲು ಬಂದವಳು ಸಪ್ಪಗಿದ್ದಳು. ಗಂಡ ಕಣ್ಣು ಮುಚ್ಚಿಲ್ಲ, ಮೈಯೆಲ್ಲ ನಡುಗುತ್ತದೆ, ಗಂಜಿಯೂ ನಿಲ್ಲುವುದಿಲ್ಲ ಎಂದಳು. "ಬೆಳಿಗ್ಗೆ ನನ್ನ ಕೈ ಹಿಡದು, ಅನ್ನೂ, ಒಂದ್ ಗುಟುಕ ಕೊಡ, ಇಲ್ಲಂದ್ರ ಸಾಯ್ತೇನಿ ಅಂದ್ರಕ್ಕಾ. ಕೊರಳಾಗ ಮಾಲಿ ಐತಿ, ಹೆಂಗ ಕೊಡ್ಲಿ? ನಾ ಕೊಡಲಿಲ್ಲ."

"ಚಲೋ ಮಾಡಿದಿ," ಎಂದೆ ನಾನು. ಅಲ್ಲಿದ್ದ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಬಿಡುವಾಗ ನಾಲ್ಕು ದಿನ ಒದ್ದಾಡುತ್ತಾರೆ, ಆಮೇಲೆ ಸರಿಹೋಗುತ್ತದೆ ಎಂಬುದು ನಮ್ಮ ತಿಳಿವಳಿಕೆ. ದೇವರಾಜ ಅಂದು ಪ್ರವಾಸಿಗರನ್ನು ಕರೆದುಕೊಂಡು ಜೋಯಿಡಾ ಕಡೆಯ ಕಾಡಿಗೆ ಹೋಗಿದ್ದ. ಅಲ್ಲಿ ಫೋನ್ ಹತ್ತುವುದಿಲ್ಲ.

ನಾವು ಹೀಗೆ ಮಾತಾಡುತ್ತಿರುವಾಗಲೇ ಗೋಡೆಯ ಆಚೆ ಬಾಗಿಲು ತೆರೆದ ಸಪ್ಪಳವಾಯಿತು. ಹಾಸಿಗೆಯಿಂದ ಎದ್ದುಬಂದ ಪುಂಡಲೀಕ ಅಂಗಡಿ ತೆರೆದಿದ್ದ. ಓಡಿಹೋಗಿ ನೋಡಿದರೆ, ಖಾಲಿ ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿ, ಯಾರೂ ಇಲ್ಲದ ಗಲ್ಲಕ್ಕೆ ಸಾಬೂನು ಹಚ್ಚುತ್ತಿದ್ದಾನೆ. "ತಲಿ ಸ್ವಲ್ಪ ಬಗ್ಗಸ್ರಿ," ಎನ್ನುತ್ತಾನೆ. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿದೆ, ಕಣ್ಣು ಎಲ್ಲೋ ಇದೆ. ನಮ್ಮನ್ನು ನೋಡಿದ, ಆದರೆ ನಮ್ಮನ್ನಲ್ಲ. ನಮ್ಮ ಹಿಂದೆ ಬಾಗಿಲ ಕಡೆ ನೋಡಿ ನಕ್ಕ.

"ಯಾರಪಾ ಬಂದಾರ ಅಲ್ಲೆ?" ಎಂದು ಶಿವಲಿಂಗಪ್ಪ ಕೇಳಿದ. ಅವನೂ ಆಗಲೇ ಗಡ್ಡಕ್ಕೆಂದು ಬಂದಿದ್ದ.

"ಕಾಣಸವಲ್ಲದೇನು? ಕರ್ರಗ ಅದಾನ. ಟೊಂಕದ ಮ್ಯಾಲ ಕೈ ಇಟಗೊಂಡು ನಿಂತಾನ." ಪುಂಡಲೀಕ ಆ ಖಾಲಿ ಬಾಗಿಲಿಗೆ ಕೈ ಎತ್ತಿ ಹೇಳಿದ, "ಸ್ವಲ್ಪ ನಿಂದರ್ರಿ. ಕೈಯಾಗ ಕೆಲಸ ಐತಿ. ಪಾಳಿ ಬಂದಕೂಡಲೇ ಕರೀತೇನಿ."

ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಮಹಾಬಳೇಶ್ವರನನ್ನು ಯಾರೋ ಕರೆತಂದರು. ಅವನು ಆ ಮಾತು ಕೇಳಿದವನೇ ಅಲ್ಲೇ ನೆಲಕ್ಕೆ ಅಡ್ಡಬಿದ್ದ. ಪಂಢರಪುರದ ಕಥೆ ನಮ್ಮ ಕಡೆ ಕೂಸಿಗೂ ಗೊತ್ತು. ಭಕ್ತ ಪುಂಡಲೀಕ ತಂದೆತಾಯಿಯ ಸೇವೆಯಲ್ಲಿದ್ದಾಗ ಬಾಗಿಲಿಗೆ ಬಂದ ವಿಠ್ಠಲನಿಗೆ ಒಂದು ಇಟ್ಟಂಗಿ ಎಸೆದು, ಕೆಲಸ ಮುಗಿಯುವ ತನಕ ಅದರ ಮೇಲೆ ನಿಲ್ಲು ಎಂದನಂತೆ. ಅಂದಿನಿಂದ ಆ ಕಪ್ಪು ದೇವರು ಟೊಂಕದ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದಾನೆ. ಈಗ ನಮ್ಮ ಓಣಿಯ ಪುಂಡಲೀಕ, ಕೊರಳಲ್ಲಿ ಹೊಸ ಮಾಲೆ, ಅದೇ ದೇವರನ್ನು ಕಟಿಂಗ್ ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿದ್ದಾನೆ! "ಸಾಕ್ಷಾತ್ ಪಾಂಡುರಂಗ ಬಂದಾನ್ರೋ! ಮಾಲಿ ಹಾಕಿ ಮೂರ ದಿನ ಆಗಿಲ್ಲ, ದರ್ಶನ ಕೊಟ್ಟಾನ!" ಎಂದು ಮಹಾಬಳೇಶ್ವರ ಅತ್ತ. ನಿಜವಾಗಿ ಅತ್ತ, ಅವನದು ನಾಟಕವಲ್ಲ.

ಇನ್ನು ಕೇಳಬೇಕೇ? ತಾಳ ಬಂದವು, ಮೃದಂಗ ಬಂತು. ಬಾಗಿಲಲ್ಲಿ ಯಾರೂ ದಾಟದಂತೆ ಜಾಗ ಬಿಟ್ಟು, ಅಲ್ಲಿ ನಿಂತ ದೇವರಿಗೆ ತೆಂಗಿನಕಾಯಿ ಒಡೆದರು. ಪುಂಡಲೀಕನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಹೆಂಗಸರು ಅವನ ಕಾಲು ಮುಟ್ಟಿ, ಮಗಳಿಗೆ ಗಂಡು ಯಾವಾಗ ಸಿಗುತ್ತದೆ, ಗಂಡನ ಕೆಲಸ ಯಾವಾಗ ಖಾಯಂ ಆಗುತ್ತದೆ ಎಂದು ಕೇಳಿದರು. ಅವನು ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಒರೆಸುತ್ತಿದ್ದ. ಅದಕ್ಕೂ ಒಬ್ಬೊಬ್ಬರು ಒಂದೊಂದು ಅರ್ಥ ಹೇಳಿದರು. ಅವನ ಕಾಲು ಮುಟ್ಟಿದವರ ಕೈಗೆ ಜ್ವರದ ಬಿಸಿ ತಾಗಿರಲೇಬೇಕು. "ಮೈಯಾಗ ದೇವರ ತೇಜ ಐತಿ, ಸುಡತೈತಿ" ಎಂದರು. ನಾನೂ ಮುಟ್ಟಿದೆ. ನನಗೂ ಹಾಗೇ ಅನ್ನಿಸಿತು.

ಅನ್ನಪೂರ್ಣಾ ಒಂದು ಮೂಲೆಯಲ್ಲಿ ಕೈ ಮುಗಿದು ನಿಂತಿದ್ದಳು. ಕಣ್ಣಲ್ಲಿ ನೀರು, ಮುಖದಲ್ಲಿ ನಗು. ಊರೆಲ್ಲ ಕುಡುಕನ ಹೆಂಡತಿ ಎಂದು ಕರೆದವಳಿಗೆ ಅಂದು ಹೆಂಗಸರು ಕುಂಕುಮ ಹಚ್ಚಿ ಕಾಲಿಗೆ ಬೀಳುತ್ತಿದ್ದರು. ಹೊತ್ತು ನೆತ್ತಿಗೆ ಬಂದು ಇಳಿಯಿತು.

ಆಮೇಲೆ ಅವನು ಬಿದ್ದ. ನಿಂತಲ್ಲೇ ಮರದ ಹಾಗೆ ಬಿದ್ದು, ಕೈಕಾಲು ಸೆಟೆದು ಒದ್ದಾಡಿದ, ಬಾಯಲ್ಲಿ ನೊರೆ ಬಂತು. "ದೇವರು ಮೈಯಿಂದ ಇಳ್ಯಾಕ ಹತ್ತ್ಯಾನ, ಯಾರೂ ಮುಟ್ಟಬ್ಯಾಡ್ರಿ" ಎಂದು ಯಾರೋ ಕೂಗಿದರು. ಯಾರೂ ಮುಟ್ಟಲಿಲ್ಲ. ಭಜನೆ ಇನ್ನೂ ಜೋರಾಯಿತು. ಒಮ್ಮೆ ನಿಂತ ಒದ್ದಾಟ ಮತ್ತೆ ಬಂದಾಗ ದೇವರಾಜನ ಆಟೋ ಬಂದು ನಿಂತಿತು. ಅವನು ಜನರನ್ನು ತಳ್ಳಿ ಒಳಗೆ ಬಂದು, ಅಪ್ಪನನ್ನು ನೋಡಿ, "ಇದು ಫಿಟ್ಸ್ ಐತಿ, ಕಣ್ಣು ಒಡದಾವೇನು ನಿಮಗ!" ಎಂದು ಚೀರಿದ. ಹಾರ ಕಿತ್ತು ಎಸೆದು ಅಪ್ಪನನ್ನು ಎತ್ತಿಕೊಂಡ. ಆಟೋದಲ್ಲಿ ಅನ್ನಪೂರ್ಣಾ ತಲೆ ಹಿಡಿದುಕೊಂಡಳು, ನಾನು ಕಾಲು ಹಿಡಿದುಕೊಂಡೆ.

ದವಾಖಾನೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದಳು. ನೋಡಿದ ಕೂಡಲೇ ಸೂಜಿ ಚುಚ್ಚಿ, ಸಲಾಯಿನ್ ಹಚ್ಚಿ, "ಕುಡೀತಾರೇನು?" ಎಂದು ಕೇಳಿದಳು.

ಅನ್ನಪೂರ್ಣಾ ಸೆರಗು ಸರಿಮಾಡಿಕೊಂಡು ಹೇಳಿದಳು, "ಇಲ್ಲರೀ, ಬಿಟ್ಟಾರ. ಪಂಢರಪುರಕ್ಕ ಹೋಗಿ ಬಂದಾಗಿಂದ ಒಂದ್ ಹನಿ ಮುಟ್ಟಿಲ್ಲರೀ. ಕೇಳಿದ್ರೂ ನಾ ಕೊಟ್ಟಿಲ್ಲ." ಆ ಮಾತಿನಲ್ಲಿ ಎಂಥ ಹೆಮ್ಮೆ ಇತ್ತು!

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೋ ಏನೋ. ಮೆಲ್ಲಗೆ ಹೇಳಿದಳು: ಇಷ್ಟು ವರ್ಷ ದಿನವಿಡೀ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೈ ತಡೆದುಕೊಳ್ಳುವುದಿಲ್ಲ. ನಡುಕ ಬರುತ್ತದೆ, ಇಲ್ಲದ್ದೆಲ್ಲ ಕಣ್ಣಿಗೆ ಕಾಣಿಸುತ್ತದೆ, ಫಿಟ್ಸ್ ಬರುತ್ತದೆ. ಬಿಡುವ ದಿನವೇ ದವಾಖಾನೆಗೆ ತರಬೇಕು. ಅದಕ್ಕೆ ಔಷಧ ಇದೆ, ಕೆಲವು ದಿನ ಮಲಗಿಸಿ ಬಿಡಿಸುತ್ತಾರೆ. "ಬೆಳಿಗ್ಗೆ ಅಂದ್ರೂ ತಂದಿದ್ರ..." ಎಂದವಳು ಅನ್ನಪೂರ್ಣಾಳ ಮುಖ ನೋಡಿ ಸಲಾಯಿನ್ ಬಾಟಲಿಯ ಕಡೆ ತಿರುಗಿದಳು. ಹುಬ್ಬಳ್ಳಿಗೆ ಒಯ್ಯಬೇಕೆಂದು ಆಂಬುಲೆನ್ಸ್ ಕರೆಸಿದಳು.

"ಕುಡ್ಯಾವ್ರು ದವಾಖಾನಿಗೆ ಬರ್ತಾರಂತ ಗೊತ್ತಿತ್ತರೀ," ಎಂದಳು ಅನ್ನಪೂರ್ಣಾ. "ಬಿಟ್ಟವ್ರೂ ಬರಬೇಕಂತ ಯಾರೂ ಹೇಳಲಿಲ್ಲರೀ ನಮಗ."

ದೇವರಾಜ ಫೋನ್ ಮಾಡಿದ್ದರಿಂದ, ಹಳಿಯಾಳದ ಬಸ್ ಸ್ಟ್ಯಾಂಡಿನ ಮುಂದೆ ರೂಪಾಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಆಂಬುಲೆನ್ಸ್ ನಿಲ್ಲಿಸಿ ಹತ್ತಿಸಿಕೊಂಡೆವು. ಅಪ್ಪನ ಕೈಯನ್ನು ತಾನೇ ಎತ್ತಿ ಮಗುವಿನ ತಲೆಯ ಮೇಲೆ ಇಟ್ಟಳು. "ಮುಟ್ಟಪ್ಪಾ. ನಾ ಏನೂ ಅನ್ನೂದಿಲ್ಲ. ಮುಟ್ಟು" ಎಂದಳು. ಬಿಟ್ಟ ಕೂಡಲೇ ಕೈ ಜಾರಿ ಕೆಳಗೆ ಬಿತ್ತು. ಮತ್ತೆ ಎತ್ತಿ ಇಟ್ಟಳು. ಆ ಕೈ ಈಗ ನಡುಗುತ್ತಿರಲಿಲ್ಲ. ಹುಬ್ಬಳ್ಳಿ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಚಟ ಚಟ್ಟ ಏರಿಸುತ್ತದೆ ಎಂಬ ಗಾದೆ ಕೇಳಿದ್ದೆ. ಬಿಟ್ಟವನೂ ಚಟ್ಟ ಏರಬಹುದು ಎಂದು ಯಾವ ಗಾದೆಯೂ ನನಗೆ ಹೇಳಿರಲಿಲ್ಲ. ಮಹಾಬಳೇಶ್ವರ ಭಜನೆಗೆ ಬರುವುದನ್ನೇ ಬಿಟ್ಟಿದ್ದಾನೆ. ಎದುರು ಸಿಕ್ಕರೆ ನೆಲ ನೋಡಿ ಹೋಗುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಹೆಂಡದಂಗಡಿಯ ಮುಂದೆ ನಿಂತು ಪುಂಡಲೀಕನ ಹೆಸರನ್ನು ಉಪ್ಪಿನಕಾಯಿ ಮಾಡಿಕೊಂಡವರ ಮೇಲೆ. "ಕುಡಿಯೂತನಕ ಗಟ್ಟಿ ಇದ್ದ. ಬಿಟ್ಟ, ಸತ್ತ. ನಾವ್ಯಾಕ ಬಿಡೂಣು?" ಎನ್ನುತ್ತಾರೆ, ಹೆಂಡತಿಯರ ಬಾಯಿ ಮುಚ್ಚಿಸುತ್ತಾರೆ. ಸತ್ತವನನ್ನೂ ಕುಡಿಯಲು ಬಳಸಿಕೊಳ್ಳುವ ಜಾತಿ ಇದು.

ಮೊನ್ನೆ ಶಿವಲಿಂಗಪ್ಪ ನನ್ನ ಖಾನಾವಳಿಯಲ್ಲಿ ಉಣ್ಣುತ್ತಾ, ಒಳಗೆ ಅನ್ನಪೂರ್ಣಾ ಇದ್ದಾಳೆ ಎಂಬ ಪರಿವೆಯೂ ಇಲ್ಲದೆ, ಅದೇ ಮಾತನ್ನು ಪಕ್ಕದವನಿಗೆ ಹೇಳಿದ. ನಾನು ಸೌಟು ಹಿಡಿದು ಬಾಯಿ ತೆರೆಯುವುದರೊಳಗೆ ಅವಳೇ ಹೊರಗೆ ಬಂದಳು. ಕೈಗೆಲ್ಲ ಹಿಟ್ಟು.

"ಅವ್ರು ಬಿಟ್ಟದ್ದಕ್ಕ ಸತ್ತಿಲ್ಲರೀ, ಅಣ್ಣಾರ," ಎಂದಳು. ಧ್ವನಿ ಎತ್ತಲಿಲ್ಲ. "ಬೆವರಾಕ ಹತ್ತಿದ್ರು, ನಡಗಾಕ ಹತ್ತಿದ್ರು. ಸಾಯ್ತೇನಿ ಅಂತ ಬಾಯಿಬಿಟ್ಟು ಹೇಳಿದ್ರು. ಮುಂಜಾನಿಂದ ಸಂಜೀತನಕ ಇಡೀ ಓಣಿ ಅವ್ರ ಮುಂದ ನಿಂತಿತ್ತು, ನೀವೂ ಇದ್ರಿ, ನಾನೂ ಇದ್ದೆ." ಅವಳು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಶಿವಲಿಂಗಪ್ಪನ ಕೈ ತಾಟಿನಲ್ಲೇ ನಿಂತಿತ್ತು.

"ಎಲ್ಲಾರೂ ದೇವರನ್ನ ನೋಡಾಕ ಹತ್ತಿದ್ವಿ. ಅವ್ರನ್ನ ಯಾರೂ ನೋಡಲಿಲ್ಲ."